ಉದ್ರಿ ವಹಿಯೊಳಗಿನ ಹೆಸರು ಯಾರದು?

ದುಕಾನದವನ ಉದ್ರಿ ವಹಿಯೊಳಗ ನನ್ನ ಹೆಸರು ಇರ್ತದ. ಹೆಸರಿನ ಮುಂದ ನಾನು ಕೊಡಬೇಕಾದ ರೊಕ್ಕ ಇರ್ತದ. ವಹಿ ದುಕಾನದವಂದು, ಅದು ಖರೆ. ಆದರೆ ಅದರೊಳಗಿನ ನನ್ನ ಹೆಸರು ಯಾರದು? ಅವನದೋ, ನನ್ನದೋ, ಇಬ್ಬರದೋ?

ಈ ಪ್ರಶ್ನೆ ಮೊದಲು ಹುಟ್ಟುತ್ತಿರಲಿಲ್ಲ. ಕೆಂಪು ಅರಿವೆಯ ಹೊದಿಕೆ ಹಾಕಿದ ವಹಿ ಗಲ್ಲೆಯ ಪಕ್ಕದಾಗ ಇರುತ್ತಿತ್ತು. ದೀಪಾವಳಿಗೆ ಅದಕ್ಕೆ ಅರಿಷಿಣ ಕುಂಕುಮ ಏರಿಸಿ ಪೂಜೆ ಮಾಡುತ್ತಿದ್ದರು. ಬರೆಯುವವ ಒಬ್ಬ, ನೋಡುವವನೂ ಅವನೇ. ಈಗ ಆ ವಹಿ ಮೊಬೈಲಿನೊಳಗ ಹೋಗ್ಯದ. ಅಲ್ಲಿಂದ ಮುಂದ ಎಲ್ಲಿಗೆ ಹೋಗ್ತದ ಅನ್ನುವುದು ಬರೆಯುವವನಿಗೂ ಗೊತ್ತಿಲ್ಲ. ಅದಕ್ಕೇ ಈ ಪ್ರಶ್ನೆ ಎದ್ದಿದೆ. ವಾಚನಾಲಯದ ಈ ಪುಸ್ತಕ ಓದುವ ಗುರುಗಳೂ ಅಕ್ಕ-ಅಣ್ಣಂದಿರೂ ಇದರ ಬಗ್ಗೆ ಸ್ವಲ್ಪ ವಿಚಾರ ಮಾಡಬೇಕು ಅಂತ ನನ್ನ ವಿನಂತಿ.

ನಮ್ಮ ಕಡೆ ಎಲ್ಲದಕ್ಕೂ ಒಂದು ಸಂತಿ ಅದ. ದನಕ್ಕೆ ಸಂತಿ, ಕಾಳಿಗೆ ಸಂತಿ, ಉಳ್ಳಾಗಡ್ಡಿಗೆ ಸೋಲಾಪುರದ ಮಾರ್ಕೆಟ್ ಯಾರ್ಡ್. ಹಂಗೇ ಮೊಬೈಲಿನೊಳಗೂ ಒಂದು ಸಂತಿ ಅದ. ಗೂಗಲ್ ಕಂಪನಿಯವರು 2008ರಲ್ಲಿ ಅದನ್ನು ಆಂಡ್ರಾಯ್ಡ್ ಮಾರ್ಕೆಟ್ ಅಂತ ಹೆಸರಿಟ್ಟು ತೆರೆದರು. 2012ರಿಂದ ಪ್ಲೇ ಸ್ಟೋರ್ ಅಂತಾರ. ಆ್ಯಪಲ್ ಕಂಪನಿಯ ಸಂತಿಯೂ 2008ರದೇ. ಆಟ, ಹಾಡು, ಸಿನೆಮಾ ಇರುವಂತೆ ಅಲ್ಲಿ ಸಣ್ಣ ವ್ಯಾಪಾರದವರಿಗೆ ಬೇಕಾದ ಆ್ಯಪುಗಳೂ ಸಿಗ್ತಾವ. ಉದ್ರಿ ಬರೆಯುವುದು, ಬಿಲ್ಲು ಮಾಡುವುದು, ಎಷ್ಟು ಮಾಲು ಉಳಿದದ ನೋಡುವುದು, ಜಿಎಸ್‌ಟಿ ಲೆಕ್ಕ ಹಾಕುವುದು, ಎಲ್ಲಕ್ಕೂ ಆ್ಯಪು.

ಇದರಿಂದ ಆದ ಒಳ್ಳೆಯದನ್ನು ಮೊದಲು ಹೇಳಬೇಕು. 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಟ್ಯಾಲಿ ಕಂಪನಿಯ ಹಿಶೋಬದ ಸಾಫ್ಟ್‌ವೇರ್ ಪೇಟೆಯ ದೊಡ್ಡ ದುಕಾನಗಳಿಗೆ ಬಂದು ಬಹಳ ವರ್ಷ ಆದವು. ಆದರೆ ಅದಕ್ಕೆ ಕಂಪ್ಯೂಟರ್ ಬೇಕು, ಕಲಿತ ಮುನೀಮ ಬೇಕು. ಹಿಟ್ಟಿನ ಗಿರಣಿಯವನಿಗೆ, ಬಳೆ ಮಾರುವ ಅಕ್ಕನಿಗೆ, ಹಾಲಿನ ರತೀಬು ಹಾಕುವವನಿಗೆ ಅದು ಎಟುಕುವ ಮಾತಲ್ಲ. ಈಗ ಕೈಯಾಗಿನ ಫೋನೇ ಮುನೀಮ. ಮರಾಠಿಯಲ್ಲಿ ಬೇಕಾದರೆ ಮರಾಠಿ, ಕನ್ನಡದಲ್ಲಿ ಬೇಕಾದರೆ ಕನ್ನಡ ತೋರಿಸುವ ಆ್ಯಪುಗಳೂ ಅದಾವ. ನಮ್ಮಂಥ ಗಡಿನಾಡಿನವರಿಗೆ ಇದು ಸಣ್ಣ ಮಾತಲ್ಲ. ತನ್ನ ಲೆಕ್ಕ ತಾನೇ ಬರೆಯಲು ಬಂದವನಿಗೆ ಒಂದು ಧೈರ್ಯ ಬರ್ತದ.

ಎರಡನೆಯ ಒಳ್ಳೆಯದು ಇನ್ನೂ ದೊಡ್ಡದು. ಹಿಂದಿನ ಕಾಲದಾಗ ಓದಲು ಬಾರದವನ ಖಾತೆಯಲ್ಲಿ ಸಾಹುಕಾರ ಒಂದಕ್ಕೆ ಎರಡು ಬರೆದರೂ ಕೇಳುವವರಿರಲಿಲ್ಲ. ಹೆಬ್ಬೆಟ್ಟು ಒತ್ತಿದರೆ ಮುಗಿಯಿತು. ಈಗ ಉದ್ರಿ ಬರೆದ ಕೂಡಲೇ ಗಿರಾಕಿಯ ಫೋನಿಗೆ ಸಂದೇಶ ಹೋಗ್ತದ. ತಪ್ಪು ಬರೆದರೆ ಅವತ್ತೇ ಕೇಳಬಹುದು. ನಮ್ಮೂರ ಒಬ್ಬ ಹುಡುಗ ದುಕಾನದವ ನನಗ ಇದನ್ನೇ ಹೇಳಿದ: “ಕಾಕಾ, ಮೊದಲು ವಹಿ ನನ್ನ ಕೈಯಾಗಷ್ಟೇ ಇತ್ತು. ಈಗ ನಿಮ್ಮ ಕೈಯಾಗೂ ಅದ. ಇದರಾಗ ತಪ್ಪೇನು?” ಅವನ ಮಾತು ಖರೆ. ನಾನು, “ನನ್ನ ಕೈಯಾಗ, ನಿನ್ನ ಕೈಯಾಗ ಇರೋದು ಛಲೋನೇ ತಮ್ಮಾ. ಮೂರನೆಯವನ ಕೈಯಾಗ ಅದ ಏನು, ಅದನ್ನ ಹೇಳು” ಅಂದೆ. ಅವನು, “ಕಂಪನಿಯವರು ನೋಡೂದಿಲ್ಲ ಅಂತ ಬರದಾರ ಕಾಕಾ” ಅಂದ. “ಎಲ್ಲಿ ಬರದಾರ, ಓದಿ ಹೇಳು” ಅಂದರೆ ಅವನಿಗೂ ಓದಲಾಗಲಿಲ್ಲ. ಇಂಗ್ಲಿಷಿನಲ್ಲಿ ಇತ್ತು, ಬಹಳ ಉದ್ದ ಇತ್ತು.

ಈ ಸಂತಿಯೊಳಗ ಯಾರ್ಯಾರು ಅದಾರ ನೋಡೋಣ. ಸಂತಿ ಕಟ್ಟಿದ ಒಡೆಯ ಒಬ್ಬ. ಆ್ಯಪು ಮಾರುವವ ಒಬ್ಬ. ತಗೊಳ್ಳುವ ದುಕಾನದವ ಒಬ್ಬ. ಎಲ್ಲರೂ ಈ ಮೂವರನ್ನೇ ಎಣಿಸ್ತಾರ. ನಾಲ್ಕನೆಯವ ಒಬ್ಬ ಅದಾನ. ಅವನು ಸಂತಿಗೆ ಹೋಗಿಲ್ಲ, ಏನೂ ಕೊಂಡಿಲ್ಲ. ಆದರೆ ಅವನ ಹೆಸರು, ಫೋನ್ ನಂಬರು, ಸಾಲ ಆ ಸಂತಿಯೊಳಗ ಕೂತದ. ಅವನೇ ಗಿರಾಕಿ, ಅಂದರೆ ನಾನು, ನೀವು.

ಮೊದಲು ಒಡೆಯನ ಮಾತು. ಸಂತಿ ಕಟ್ಟಿದವನು ಸುಂಕ ತಗೊಳ್ಳುವುದು ಅನ್ಯಾಯ ಅಲ್ಲ. ಯಾರ್ಡಿನಲ್ಲಿ ಕಟ್ಟೆ ಕಟ್ಟಿಸಬೇಕು, ದೀಪ ಹಾಕಬೇಕು, ಕಳ್ಳರನ್ನು ಕಾಯಬೇಕು. ಪ್ಲೇ ಸ್ಟೋರಿನವರೂ ಕೆಟ್ಟ ಆ್ಯಪು ತೆಗೆದುಹಾಕುವ ಕೆಲಸ ಮಾಡ್ತಾರ. ಅಲ್ಲಿ ಅಂಗಡಿ ಹಚ್ಚಲು ಒಂದು ಸಲ 25 ಡಾಲರ್ ಕಟ್ಟಬೇಕು. ಆ್ಯಪಿನೊಳಗ ರೊಕ್ಕಕ್ಕೆ ಮಾರುವ ಸೌಲಭ್ಯಗಳ ಮೇಲೆ ನೂರಕ್ಕೆ 30ರಂತೆ ತೆಗೆದುಕೊಳ್ಳುತ್ತಿದ್ದರು. 2021ರ ಜುಲೈಯಿಂದ ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಗೆ 15 ಮಾಡಿದರು. ನಮ್ಮ ಉಳ್ಳಾಗಡ್ಡಿ ಪಟ್ಟಿಯೊಳಗ ಅಡತ, ಹಮಾಲಿ, ತೋಲಾಯಿ ಮುರಿದುಕೊಂಡಂತೆ ಇದು. ಆ ಅಡತದ ಬಗ್ಗೆ ಬಹಳ ವರ್ಷ ಕೂಗಾಡಿದ ಮೇಲೆ 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ರೈತನಿಂದಲ್ಲ, ಖರೀದಿ ಮಾಡುವವನಿಂದ ತಗೋಬೇಕು ಅಂತ ನಿಯಮ ಮಾಡಿತು. ಅಂದರೆ ಸುಂಕ ಎಷ್ಟು, ಯಾರು ಕೊಡಬೇಕು ಅನ್ನುವುದನ್ನು ಒಡೆಯ ಒಬ್ಬನೇ ನಿರ್ಧಾರ ಮಾಡಬಾರದು ಅನ್ನುವ ತಿಳುವಳಿಕೆ ನಮಗ ಅದ.

ಮೊಬೈಲ್ ಸಂತಿಯೊಳಗೂ ಅದೇ ಜಗಳ ನಡೆದದ. 2022ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ, ಪ್ಲೇ ಸ್ಟೋರಿನ ಬಿಲ್ಲಿಂಗ್ ನಿಯಮಗಳು ಸರಿಯಿಲ್ಲ ಅಂತ ಗೂಗಲ್‌ಗೆ 936 ಕೋಟಿ ರೂಪಾಯಿ ದಂಡ ಹಾಕಿತು. 2025ರಲ್ಲಿ ಮೇಲ್ಮನವಿ ಮಂಡಳಿ ಅದನ್ನು 216 ಕೋಟಿಗೆ ಇಳಿಸಿತು. ನಡುವೆ 2024ರ ಮಾರ್ಚ್ ಮೊದಲ ದಿನ, ಸುಂಕದ ತಕರಾರಿನಿಂದ ಮದುವೆ ಸಂಬಂಧ ತೋರಿಸುವ, ನೌಕರಿ ಹುಡುಕುವ ಕೆಲವು ಭಾರತೀಯ ಆ್ಯಪುಗಳನ್ನು ಸಂತಿಯಿಂದ ಹೊರಗೆ ಹಾಕಿದರು. ಸರ್ಕಾರ ನಡುವೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಒಳಗೆ ಬಿಟ್ಟರು. ಇದರಿಂದ ಕಲಿಯಬೇಕಾದದ್ದು ಒಂದು: ಅಗಸಿ ಬಾಗಿಲಿನ ಕೀಲಿ ಒಬ್ಬನ ಕೈಯಾಗ ಇದ್ದರೆ, ಒಳಗೆ ಎಷ್ಟೇ ದುಕಾನ ಇದ್ದರೂ ಸಂತಿ ಒಬ್ಬಂದೇ.

ಇನ್ನು ಮಾರುವವನ ಮಾತು. ಉದ್ರಿ ಬರೆಯುವ ಆ್ಯಪುಗಳಲ್ಲಿ ಬಹಳಷ್ಟು ಪುಕ್ಕಟೆ. ಪುಕ್ಕಟೆ ಅಂದರೆ ನಮಗ ದಾಸೋಹ ನೆನಪಾಗ್ತದ. ಆದರೆ ಇವೆರಡೂ ಒಂದೇ ಅಲ್ಲ. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದರು. ಕೆರೆಯ ನೀರು ತುಂಬಿಕೊಳ್ಳುವವ ತನ್ನ ಹೆಸರು ಬರೆಸಬೇಕಾಗಿಲ್ಲ, ಮನೆಯಾಗ ಯಾರ್ಯಾರು ಅದಾರ ಹೇಳಬೇಕಾಗಿಲ್ಲ. ದಾಸೋಹದ ಅನ್ನ ಉಂಡು ಎದ್ದವನ ಹಿಂದೆ ಯಾರೂ ಬರುವುದಿಲ್ಲ. ಕಂಪನಿ ಹಂಗಲ್ಲ. ಅದರೊಳಗ ದುಡಿಯುವವರಿಗೆ ಪಗಾರ ಕೊಡಬೇಕು, ರೊಕ್ಕ ಹಾಕಿದವರಿಗೆ ಲಾಭ ತೋರಿಸಬೇಕು. ಅದಕ್ಕೆ ಮುಂದೆ ಫೀ ಹಚ್ಚಬಹುದು, ಜಾಹೀರಾತು ತೋರಿಸಬಹುದು, ಯಾರಿಗೆ ಎಷ್ಟು ವ್ಯಾಪಾರ ಅದ ನೋಡಿ ಸಾಲ ಕೊಡುವ ದಂಧೆ ತೆಗೆಯಬಹುದು. ಇವು ಮೂರೂ ಕಳ್ಳತನ ಅಲ್ಲ. ಆದರೆ ಯಾವ ದಾರಿಯಿಂದ ಗಳಿಸ್ತೀವಿ ಅಂತ ಮೊದಲೇ ನಮ್ಮ ಮಾತಿನಾಗ, ನಾಲ್ಕು ಸಾಲಿನಾಗ ಹೇಳದಿದ್ದರೆ, ಅದು ದಾಸೋಹದ ಅನ್ನ ಅಲ್ಲ, ಗಾಳದ ಎರೆಹುಳ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ದನದ ಸಂತಿಯಲ್ಲಿ ಒಂದು ಹಳೆಯ ರೂಢಿ ಇತ್ತು. ದಲಾಲರು ರುಮಾಲಿನ ಕೆಳಗೆ ಕೈ ಇಟ್ಟು, ಬೆರಳು ಹಿಡಿದು ಭಾವ ಮಾಡುತ್ತಿದ್ದರು. ಎತ್ತಿನ ಒಡೆಯನಿಗೇ ಎಷ್ಟಕ್ಕೆ ಹೋಯಿತು ಗೊತ್ತಾಗುತ್ತಿರಲಿಲ್ಲ. ಕಾಳಿನ ಪೇಟೆಯಲ್ಲೂ ಹಿಂಗೇ ನಡೆಯುತ್ತಿತ್ತು. ಅದರಿಂದ ರೈತನಿಗೆ ಮೋಸ ಆಗ್ತದ ಅಂತ ಮಾರ್ಕೆಟ್ ಕಮಿಟಿಗಳು ಬಂದ ಮೇಲೆ ಎಲ್ಲರ ಮುಂದೆ ಸವಾಲು ಕೂಗುವ ಪದ್ಧತಿ ತಂದರು. ಅಂದರೆ ಭಾವ ಅನ್ನುವುದು ತೆರೆದಿರಬೇಕಾದ ವಸ್ತು.

ಸಾಲ ಹಂಗಲ್ಲ. ಮಗಳ ಬಾಣಂತನಕ್ಕೆ ತುಪ್ಪ, ಉತ್ತತ್ತಿ ಉದ್ರಿ ತಂದವಳ ಹೆಸರು, ಮಳೆ ಕೈಕೊಟ್ಟ ವರ್ಷ ಮೂರು ತಿಂಗಳು ರೊಕ್ಕ ಕೊಡದವನ ಹೆಸರು, ಇವು ಮುಚ್ಚಿರಬೇಕಾದವು. ಹಳೆಯ ಛಲೋ ದುಕಾನದವ ಇಡೀ ಊರಿನ ತೊಂದರೆ ಬಲ್ಲವನಾಗಿದ್ದ, ಆದರೆ ಒಬ್ಬನ ಮಾತು ಇನ್ನೊಬ್ಬನಿಗೆ ಹೇಳುತ್ತಿರಲಿಲ್ಲ. ಬೀಗರು ಬಂದು ಆ ಮನೆತನ ಹೆಂಗದ ಅಂತ ಕೇಳಿದರೆ ವಹಿ ತೆಗೆದು ತೋರಿಸುತ್ತಿರಲಿಲ್ಲ. ಅದು ಯಾವ ಕಾಯ್ದೆಯೂ ಹೇಳಿದ್ದಲ್ಲ. ಅದು ಅವನ ಕಾಯಕದ ನೀತಿ.

ಈ ಹೊಸ ಸಂತಿಯ ತೊಂದರೆ ಏನಂದರೆ ಇದು ತಿರುಗುಮುರುಗಾಗಿದೆ. ತೆರೆದಿರಬೇಕಾದದ್ದು, ಅಂದರೆ ಕಂಪನಿ ಹೆಂಗ ಗಳಿಸ್ತದ ಅನ್ನುವುದು, ರುಮಾಲಿನ ಕೆಳಗೆ ಹೋಗಿದೆ. ಮುಚ್ಚಿರಬೇಕಾದ ನಮ್ಮ ಸಾಲ ಮೂರನೆಯವನ ಮನೆಯೊಳಗ ಕೂತಿದೆ.

ಕಂಪನಿ ನೋಡಿದರೆ ಏನು ಹಾಳಾಗ್ತದ, ಅವನಿಗೆ ನಿಮ್ಮ ಪರಿಚಯವೇ ಇಲ್ಲವಲ್ಲ ಅಂತ ಕೆಲವರು ಕೇಳ್ತಾರ. ಇದಕ್ಕೆ ನನ್ನ ಉತ್ತರ: ಸಾಕ್ಷಿ ಬೇರೆ, ಇಣುಕಿ ನೋಡುವವ ಬೇರೆ. ವ್ಯವಹಾರಕ್ಕೆ ಸಾಕ್ಷಿ ಬೇಕು ಅಂತ ಇಬ್ಬರೂ ಕೂಡಿ ಒಬ್ಬ ಹಿರಿಯನನ್ನು ಕರೆದರೆ ಅವನು ಸಾಕ್ಷಿ. ಕರೆಯದೆ ಕಿಡಕಿಯಿಂದ ನೋಡಿದವ ಎಷ್ಟೇ ಒಳ್ಳೆಯವನಿದ್ದರೂ ಸಾಕ್ಷಿ ಅಲ್ಲ. ಇಲ್ಲಿ ದುಕಾನದವ ಒಬ್ಬನೇ ಕರೆದಿದ್ದಾನೆ. ನನ್ನನ್ನು ಕೇಳಿಲ್ಲ. ವಹಿ ಅವನದು, ಸಾಲದ ಮಾತು ಇಬ್ಬರದು. ಇಬ್ಬರದಾದ ವಸ್ತುವನ್ನು ಒಬ್ಬನೇ ಮೂರನೆಯವನಿಗೆ ಕೊಡಲು ಬರುವುದಿಲ್ಲ. ಅಣ್ಣ-ತಮ್ಮರ ಪಾಲಿನ ಹೊಲ ಒಬ್ಬನೇ ಮಾರಲು ಬರುವುದಿಲ್ಲವಲ್ಲ, ಹಂಗೇ.

ಕಾಯ್ದೆ ಈ ದಾರಿಗೆ ಬರ್ತಾ ಅದ. ಸಾಲ ಕೊಡುವ ಆ್ಯಪುಗಳು ಫೋನಿನೊಳಗಿನ ನಂಬರು, ಫೋಟೋ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕು 2022ರಲ್ಲಿ ಹೇಳಿತು. ಪ್ಲೇ ಸ್ಟೋರೂ 2023ರಲ್ಲಿ ಅಂಥದೇ ನಿಯಮ ಮಾಡಿತು. ಬಂಧು-ಬಳಗಕ್ಕೆಲ್ಲ ಫೋನ್ ಮಾಡಿ ಮಾನ ತೆಗೆದ ವಸೂಲಿಯವರಿಂದ ಜನ ನೊಂದ ಮೇಲೆ ಬಂದ ನಿಯಮ ಇವು. 2023ರ ಆಗಸ್ಟಿನಲ್ಲಿ ನಮ್ಮ ಮಾಹಿತಿಯ ರಕ್ಷಣೆಗೆ ಒಂದು ಕೇಂದ್ರ ಕಾಯ್ದೆಯೂ ಆಯಿತು. ಪ್ಲೇ ಸ್ಟೋರಿನಲ್ಲಿ ಪ್ರತಿಯೊಂದು ಆ್ಯಪು ಯಾವ ಮಾಹಿತಿ ತಗೊಳ್ತದ ಅಂತ ಬರೆದಿರುವ ಒಂದು ಜಾಗವೂ 2022ರಿಂದ ಅದ. ಆದರೆ ಅದನ್ನು ಬರೆದು ಕೊಡುವವನು ಆ್ಯಪು ಮಾಡಿದವನೇ. ಎತ್ತು ಮಾರುವವ ಎಂದಾದರೂ ಎತ್ತಿಗೆ ಮುಪ್ಪಾಗ್ಯದ ಅಂತಾನೇನು? ಕೊಳ್ಳುವವನೇ ಬಾಯಿ ಬಿಡಿಸಿ ಹಲ್ಲು ಎಣಿಸಬೇಕು.

ಹಲ್ಲು ಎಣಿಸುವುದು ಹೆಂಗ? ದುಕಾನದವ ಮಾಡಬಹುದಾದ ನಾಲ್ಕು ಕೆಲಸ ಅದಾವ. ಮೊದಲನೆಯದು, ಗಿರಾಕಿಗೆ ಒಂದು ಮಾತು ಹೇಳುವುದು: “ನಿಮ್ಮ ಲೆಕ್ಕ ಮೊಬೈಲಿನಾಗ ಬರೀತೀನಿ, ನಡೀತದ ಏನ್ರಿ?” ಬೇಡ ಅಂದವರದು ಕಾಗದದ ಮೇಲೆ ಇರಲಿ. ಎರಡನೆಯದು, ಆ್ಯಪು ಫೋನಿನೊಳಗಿನ ಎಲ್ಲ ನಂಬರು ಕೇಳಿದರೆ ಇಲ್ಲ ಅನ್ನುವುದು. ಬೇಕಾದವರ ನಂಬರು ಒಂದೊಂದೇ ಕೈಯಿಂದ ಹಾಕಿದರಾಯಿತು. ಮೂರನೆಯದು, ನಾಳೆ ಆ್ಯಪು ಬಂದಾದರೆ ನನ್ನ ಲೆಕ್ಕ ಹೊರಗೆ ತೆಗೆಯಲು ಬರ್ತದ ಏನು ಅಂತ ಇವತ್ತೇ ತೆಗೆದು ನೋಡುವುದು. ಒಳಗೆ ಹೋಗುವ ದಾರಿ ಇದ್ದು ಹೊರಗೆ ಬರುವ ದಾರಿ ಇಲ್ಲದ್ದು ಮನೆಯಲ್ಲ, ಇಲಿ ಬೋನು. ನಾಲ್ಕನೆಯದು, ಖುಲ್ಲಾ ಫೀ ಹೇಳಿ ಮಾರುವ ಪ್ರಾಮಾಣಿಕ ಆ್ಯಪು ಸಿಕ್ಕರೆ ಆ ರೊಕ್ಕ ಕೊಡಲು ಹಿಂದೆಮುಂದೆ ನೋಡದಿರುವುದು.

ಗಿರಾಕಿಗಳಾದ ನಮಗೂ ಒಂದು ಕೆಲಸ ಅದ. ಉದ್ರಿ ತಂದವನಿಗೆ ಬಾಯಿ ಇರುವುದಿಲ್ಲ, ಕೇಳಲು ನಾಚಿಕೆ ಬರ್ತದ. ಆದರೆ ಸಾಲ ಮಾಡಿದವ ರೊಕ್ಕ ಕೊಡಬೇಕಾಗಿದೆ, ಮಾನ ಕೊಡಬೇಕಾಗಿಲ್ಲ. ನನ್ನ ಲೆಕ್ಕ ಎಲ್ಲಿ ಬರೆದೀದಿ ಅಂತ ಕೇಳುವ ಹಕ್ಕು ಬಾಕಿ ಇದ್ದವನಿಗೂ ಅದ.

ಗುರುಗಳಲ್ಲಿ ಒಂದು ಬೇಡಿಕೆ. ಇಂಗ್ಲಿಷಿನ ಆ ಉದ್ದನೆಯ ಕಾಗದವನ್ನು ಓದಲು ನನ್ನಂಥ ಏಳನೆಯ ಇಯತ್ತೆಯವನಿಗೆ ಆಗುವುದಿಲ್ಲ. ತಿಂಗಳಿಗೆ ಒಂದು ಸಂಜೆ ವಾಚನಾಲಯದ ಕಟ್ಟೆಯ ಮೇಲೆ ಕೂತು, ಊರಾಗ ಜನ ಬಳಸುವ ಒಂದೊಂದು ಆ್ಯಪಿನ ಕಾಗದ ಓದಿ, ಏನು ಕೊಡ್ತದ, ಏನು ತಗೊಳ್ತದ ಅಂತ ಕನ್ನಡದಾಗ ಹೇಳಿದರೆ ದೊಡ್ಡ ಉಪಕಾರ ಆಗ್ತದ. ದುಕಾನದವರೂ ಬರಲಿ, ಉದ್ರಿಯವರೂ ಬರಲಿ. ಓದಿದ ಮೇಲೆ ಬೇಕು ಅಂದರೂ ಸರಿ, ಬೇಡ ಅಂದರೂ ಸರಿ. ಆ ಮಾತು ಇಬ್ಬರೂ ಕೂಡಿ ಹೇಳಿದ್ದಾಗಿರಲಿ.