ಸರಮೆಯ ಮಗನ ತಪ್ಪೇನು?

ಮಹಾಭಾರತದ ಆದಿಪರ್ವದಲ್ಲಿ, ಕೌರವ ಪಾಂಡವರ ಕಥೆ ಶುರುವಾಗುವ ಮುಂಚೆಯೇ ಒಂದು ನಾಯಿ ಪೆಟ್ಟು ತಿನ್ನುತ್ತದೆ. ಕುರುಕ್ಷೇತ್ರದಲ್ಲಿ ಜನಮೇಜಯನ ಸತ್ರಯಾಗ ನಡೆಯುತ್ತಿದ್ದಾಗ ಸರಮೆ ಎಂಬ ದೇವಲೋಕದ ನಾಯಿಯ ಮಗ ಅತ್ತ ಸುಳಿಯಿತು. ರಾಜನ ತಮ್ಮಂದಿರು ಹೊಡೆದು ಅಟ್ಟಿದರು. ಅಳುತ್ತ ಬಂದ ಮಗನನ್ನು ತಾಯಿ ಕೂಡಲೇ ವಹಿಸಿಕೊಳ್ಳುವುದಿಲ್ಲ, ನೀನೇ ಏನೋ ತಪ್ಪು ಮಾಡಿರಬೇಕು ಎಂದು ವಿಚಾರಿಸುತ್ತಾಳೆ. ಹವಿಸ್ಸನ್ನು ನೆಕ್ಕುವುದಿರಲಿ, ಅದರ ಕಡೆ ನೋಡಲೂ ಇಲ್ಲ ಎನ್ನುತ್ತದೆ ಅದು. ಆಗ ಸರಮೆ ಯಾಗಶಾಲೆಗೇ ಹೋಗಿ ಕಾರಣ ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ. ಅವಳು ಶಾಪ ಕೊಟ್ಟಳು.

ಪಿಟ್ ಬುಲ್ ನಾಯಿಗಳ ವಿಷಯದಲ್ಲಿ ಈ ವಿಚಾರಣೆ ಬಹುಕಾಲ ನಡೆಯಲೇ ಇಲ್ಲ. ಹೋರಿಗಳ ಮೇಲೆ ನಾಯಿ ಛೂ ಬಿಡುವ ಆಟಕ್ಕೆ ಬ್ರಿಟನ್ನಿನಲ್ಲಿ 1835ರಲ್ಲಿ ನಿಷೇಧ ಬಂದಮೇಲೂ ಕದ್ದುಮುಚ್ಚಿ ನಾಯಿಕಾಳಗ ನಡೆಯುತ್ತಿತ್ತು. ಅದಕ್ಕೆಂದೇ ಬೆಳೆಸಿದ ವಂಶ ಇದು. ಅಮೆರಿಕದಲ್ಲಿ ಕಾಳಗದ ಅಡ್ಡೆಗಳಿಂದ ಹಿಡಿದು ತಂದ ನಾಯಿಗಳಿಗೆ ಸಾಮಾನ್ಯವಾಗಿ ಇದ್ದದ್ದು ಒಂದೇ ಗತಿ: ಸಾಯಿಸುವ ಇಂಜೆಕ್ಷನ್.

2007ರಲ್ಲಿ ಆ ರೂಢಿ ಮುರಿಯಿತು. ಅಮೆರಿಕನ್ ಫುಟ್ಬಾಲ್ ತಾರೆ ಮೈಕೆಲ್ ವಿಕ್‌ನ ವರ್ಜೀನಿಯಾದ ಜಮೀನಿನಲ್ಲಿ ಐವತ್ತರಷ್ಟು ಪಿಟ್ ಬುಲ್‌ಗಳು ಸಿಕ್ಕವು. ಸರಿಯಾಗಿ ಕಾದಾಡದ ನಾಯಿಗಳನ್ನು ಅಲ್ಲಿ ನೇಣು ಹಾಕಿ, ನೀರಿನಲ್ಲಿ ಮುಳುಗಿಸಿ ಕೊಂದಿದ್ದರು. ಉಳಿದವನ್ನೂ ಕೊಲ್ಲುವುದೇ ಸರಿ ಎಂದವರಲ್ಲಿ ಪ್ರಾಣಿದಯೆಯ ದೊಡ್ಡ ಸಂಸ್ಥೆಗಳೂ ಇದ್ದವು ಎಂಬುದನ್ನು ಮರೆಯಬಾರದು. ಆದರೆ ನ್ಯಾಯಾಲಯ ಕಾನೂನು ಪ್ರಾಧ್ಯಾಪಕಿ ರೆಬೆಕಾ ಹಸ್ ಅವರನ್ನು ಈ ನಾಯಿಗಳ ಹಿತ ಕಾಯಲು ನೇಮಿಸಿತು. ತಜ್ಞರು 49 ನಾಯಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ತೀರಾ ಆಕ್ರಮಣಕಾರಿ ಎಂದು ಕೊಲ್ಲಬೇಕಾಗಿ ಬಂದದ್ದು ಒಂದನ್ನು ಮಾತ್ರ. ಉಳಿದವುಗಳಲ್ಲಿ 47 ನಾಯಿಗಳು ಆಶ್ರಯಧಾಮಗಳ ಪಾಲಾದವು. ಅವುಗಳ ಖರ್ಚಿಗೆ ವಿಕ್ ಒಂಬತ್ತು ಲಕ್ಷ ಡಾಲರಿಗೂ ಹೆಚ್ಚು ತೆರಬೇಕಾಯಿತು. ಅವುಗಳಲ್ಲಿ ಲಿಯೋ ಎಂಬುದು ಕ್ಯಾನ್ಸರ್ ರೋಗಿಗಳ ಹಾಸಿಗೆಯ ಪಕ್ಕ ಕೂರುವ ನಾಯಿಯಾಯಿತು. ಓದಲು ತಡವರಿಸುವ ಮಕ್ಕಳು ಜಾನಿ ಎಂಬ ಇನ್ನೊಂದರ ಮುಂದೆ ಕುಳಿತು ಗಟ್ಟಿಯಾಗಿ ಓದುತ್ತಿದ್ದರು.

ಕರ್ಮಸಿದ್ಧಾಂತವನ್ನು ಬಿಗಿಯಾಗಿ ನಂಬುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಮಾಡಿದ್ದುಣ್ಣೋ ಮಹಾರಾಯ ಎನ್ನುವ ಲೆಕ್ಕದಲ್ಲಿ ಅಜ್ಜ ಮಾಡಿದ್ದಕ್ಕೆ ಮೊಮ್ಮಗ ಉಣ್ಣುವ ಏರ್ಪಾಡಿಲ್ಲ. ಜೀವಕ್ಕೆ ಅಂಟುವುದು ಅದರದೇ ಕರ್ಮ, ತಳಿಯದ್ದಲ್ಲ. ವಿಜ್ಞಾನವೂ ಇದಕ್ಕೆ ದೂರವಿಲ್ಲ: ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಲೀಕರಿಂದ ಮಾಹಿತಿ ಪಡೆದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ನಾಯಿ ನಾಯಿಗೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಲಾಗುವುದು ಸುಮಾರು ಶೇ. 9 ಮಾತ್ರ.

ಹಾಗೆಂದು ಇದನ್ನು ಮುದ್ದಿನ ಕಥೆ ಮಾಡಿಬಿಡುವುದೂ ವಂಚನೆಯೇ. ಅದೇ 2022ರಲ್ಲಿ ಲಖನೌದ ವೃದ್ಧೆಯೊಬ್ಬರನ್ನು ಮನೆಯಲ್ಲೇ ಸಾಕಿದ್ದ ಪಿಟ್ ಬುಲ್ ಕಚ್ಚಿ ಕೊಂದಿತು. ಸ್ವಭಾವ ವಂಶದಿಂದ ಬಂದಿರಲಿ ಬಿಡಲಿ, ಮೈಬಲ ಬಂದೇ ಬರುತ್ತದೆ. ಬೇರೆ ನಾಯಿಯ ಕಡಿತ ಗಾಯ ಮಾಡುವ ಕಡೆ ಇದರದ್ದು ಜೀವ ತೆಗೆಯಬಹುದು. ಧರ್ಮಾಧರ್ಮ ತಿಳಿಯದ ಪಶುವಿಗೆ ಪಾಪವೂ ಇಲ್ಲ, ಸರಿ. ಆ ಪಾಪ ಹಾಗಾದರೆ ಯಾರ ತಲೆಗೆ? ಸರಪಳಿ ಹಿಡಿದವನ ತಲೆಗಲ್ಲದೆ ಇನ್ನಾರಿಗೆ. ದತ್ತು ಕೊಡುವ ಮೊದಲು ಒಳ್ಳೆಯ ಆಶ್ರಯಧಾಮದವರು ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆಯೇ, ಬೇರೆ ನಾಯಿ ಇದೆಯೇ, ಕಾಂಪೌಂಡು ಎಷ್ಟೆತ್ತರ ಎಂದು ಕೊರೆಯುವುದು ಅದಕ್ಕೇ. ಕರುಣೆಯೊಂದನ್ನೇ ನಂಬಿ ನಾಯಿ ಒಯ್ಯಲು ಬಂದವರನ್ನು ವಾಪಸು ಕಳಿಸಿದರೂ ತಪ್ಪಿಲ್ಲ.

2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪಿಟ್ ಬುಲ್ ಸೇರಿ 23 ತಳಿಗಳ ಆಮದು, ಮಾರಾಟ, ಸಾಕಣೆಗೆ ಪರವಾನಗಿ ಕೊಡಬೇಡಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ಈ ನಾಯಿಗಳೆಲ್ಲ ಸಾಧು ಎಂದೇನೂ ಅದು ಹೇಳಲಿಲ್ಲ. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ತಪ್ಪು, ಕೇಳಿ ಬೇಕಾದರೆ ಹೊಸದಾಗಿ ಮಾಡಿ ಎಂದಿತು. ಸರಮೆ ಯಾಗಶಾಲೆಯಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಇಷ್ಟೇ.

ವಿಕ್‌ನ ನಾಯಿಗಳಲ್ಲೂ ಎಲ್ಲಕ್ಕೂ ಮನೆ ಸಿಗಲಿಲ್ಲ. ಮೆರಿಲ್ ಎಂಬುದಕ್ಕೆ ಅಪರಿಚಿತರನ್ನು ಕಂಡರೆ ಆಗುತ್ತಿರಲಿಲ್ಲ. ಅದು ಬದುಕಿರುವವರೆಗೂ ಯೂಟಾದ ಆಶ್ರಯಧಾಮದಲ್ಲೇ ಇರಬೇಕೆಂದು ನ್ಯಾಯಾಲಯ ಆಜ್ಞೆ ಮಾಡಿತು, ಅಲ್ಲೇ ಉಳಿಯಿತು.