ಬಂದ ಚಿತ್ರ, ತೆಗೆದ ಚಿತ್ರ

*ಇಂದಿನ ಧಮ್ಮ ಚಿಂತನೆ: ಎರಡನೆಯ ಶೀಲ*

ದಸರಾ ರಜೆ ಮುಗಿದು ವಾರವಾಯಿತು. ನಮ್ಮ ಗುಂಪಿನಲ್ಲಿ ಫೋಟೋಗಳ ಮಳೆ ಇನ್ನೂ ನಿಂತಿಲ್ಲ. ಗುಡವಿಯ ಬೆಳ್ಳಕ್ಕಿಗಳು, ಅಂಜನಾಪುರ ಜಲಾಶಯದ ಸಂಜೆ, ಕೆರೆ ದಂಡೆಯ ಮನೆಗಳಲ್ಲಿ ಮಕ್ಕಳ ಜೊತೆ ಎರಡು ದಿನ ಉಳಿದು ಬಂದವರ ಬೆಳಗಿನ ಮಂಜು, ತಾವರೆ. ನೋಡಿ ಖುಷಿಪಟ್ಟೆ. ಇದರ ನಡುವೆ ಒಬ್ಬ ತಮ್ಮ ನನಗೆ ಬೇರೆಯಾಗಿ ಒಂದು ಪ್ರಶ್ನೆ ಕಳಿಸಿದ: “ಅಕ್ಕ, ಹಕ್ಕಿ ಫೋಟೋ ತೆಗೆದರೆ ಯಾರಿಗೂ ನಷ್ಟ ಇಲ್ಲವಲ್ಲ. ಅದಕ್ಕೂ ಪಂಚಶೀಲಕ್ಕೂ ಏನಾದರೂ ಸಂಬಂಧ ಇದೆಯಾ?”

ಪ್ರಶ್ನೆ ಚಿಕ್ಕದಲ್ಲ. ಎಲ್ಲರಿಗೂ ಸಲ್ಲುವುದರಿಂದ ಇಲ್ಲೇ ಉತ್ತರಿಸುತ್ತೇನೆ.

ನಾನು ಕನ್ನಡ ಪಾಠ ಮಾಡುವವಳು. ಹಾಗಾಗಿ ಮಾತಿನಿಂದಲೇ ಶುರು ಮಾಡುತ್ತೇನೆ. ಫೋಟೋ ಬಗ್ಗೆ ನಾವು ಬಳಸುವ ಕ್ರಿಯಾಪದಗಳನ್ನು ಗಮನಿಸಿ. “ಒಂದು ಫೋಟೋ ಹೊಡಿ” ಅನ್ನುತ್ತೇವೆ. “ಫೋಟೋ ತೆಗಿ” ಅನ್ನುತ್ತೇವೆ. “ಆ ಹಕ್ಕಿ ಹಾರುವಾಗ ಸರಿಯಾಗಿ ಹಿಡಿದೆ” ಅನ್ನುತ್ತೇವೆ. ಹೊಡೆಯುವುದು ಬೇಟೆಯವನ ಮಾತು. ಹಿಡಿಯುವುದು ಬಲೆಯವನ ಮಾತು. ತೆಗೆಯುವುದು ನಮ್ಮ ಪೆಟ್ಟಿಗೆಯಿಂದಲೂ ಆಗಬಹುದು, ಬೇರೆಯವರ ಜೇಬಿನಿಂದಲೂ ಆಗಬಹುದು. ಆದರೆ ಮನೆಗೆ ಬಂದು ಮೊಬೈಲ್ ಬಿಚ್ಚಿ ನೋಡುವಾಗ ಅದೇ ಬಾಯಲ್ಲಿ ಇನ್ನೊಂದು ಮಾತು ಬರುತ್ತದೆ: “ಇದು ಚೆನ್ನಾಗಿ ಬಂದಿದೆ!” ಇಲ್ಲಿ ಬಂದದ್ದು ಚಿತ್ರ. ನಾವು ಬರಮಾಡಿಕೊಂಡವರು, ಅಷ್ಟೇ.

ಎರಡನೆಯ ಶೀಲ ಇರುವುದು ಈ ಎರಡು ಮಾತುಗಳ ನಡುವೆ. ‘ಕಳ್ಳತನ ಮಾಡುವುದಿಲ್ಲ’ ಎಂದು ನಾವು ಅದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ಪಾಳಿಯ ಮಾತು ಅದಕ್ಕಿಂತ ಅಗಲ: ಅದಿನ್ನಾದಾನ. ‘ದಿನ್ನ’ ಎಂದರೆ ಕೊಟ್ಟದ್ದು, ‘ಅದಿನ್ನ’ ಎಂದರೆ ಕೊಡದೇ ಇದ್ದದ್ದು, ‘ಆದಾನ’ ಎಂದರೆ ತೆಗೆದುಕೊಳ್ಳುವುದು. ಬೀಗ ಒಡೆದವನು ಮಾತ್ರ ಈ ಶೀಲ ಮುರಿಯುವುದಿಲ್ಲ. ಯಾರೂ ನೀಡದ್ದನ್ನು ನನ್ನದೆಂದು ಎತ್ತಿಕೊಂಡವರೆಲ್ಲ ಮುರಿದ ಹಾಗೆ. ಕ್ಯಾಮೆರಾ ಕೈಗೆ ಬಂದಾಗ ಈ ಅರ್ಥ ತುಂಬ ಬೇಕಾಗುತ್ತದೆ, ಯಾಕೆಂದರೆ ಕ್ಯಾಮೆರಾ ತೆಗೆದುಕೊಂಡದ್ದು ಎದುರಿಗಿರುವವರಿಗೆ ಗೊತ್ತೇ ಆಗುವುದಿಲ್ಲ.

*ಹಕ್ಕಿಯ ಮಾತು ಮೊದಲು*

ನಮ್ಮ ಸೊರಬ ತಾಲ್ಲೂಕಿನ ಗುಡವಿ ಕೆರೆ ದೊಡ್ಡದೇನಲ್ಲ, ಮುಕ್ಕಾಲು ಚದರ ಕಿಲೋಮೀಟರಿನಷ್ಟು. ಆದರೆ ಮಳೆಗಾಲದಲ್ಲಿ ನೀರಿನಲ್ಲಿ ನಿಂತ ಆ ಮರಗಳ ಮೇಲೆ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಸುತ್ತಲೂ ನೀರಿದ್ದರೆ ಬೆಕ್ಕು, ನರಿ ಹತ್ತಲಾರವು. ಅದಕ್ಕೇ ಆ ಮರಗಳು ಅವಕ್ಕೆ ಇಷ್ಟ.

ಹಾವಕ್ಕಿಯನ್ನು ನೋಡಿದ್ದೀರಲ್ಲ? ಕತ್ತು ಮಾತ್ರ ನೀರಿನ ಮೇಲೆ ಹಾವಿನ ಹಾಗೆ ಕಾಣುತ್ತದೆ, ಮೈಯೆಲ್ಲ ಒಳಗೆ. ಬಾತುಕೋಳಿಯ ಗರಿಯ ಮೇಲೆ ನೀರು ನಿಲ್ಲದೆ ಜಾರಿ ಹೋಗುತ್ತದೆ. ಹಾವಕ್ಕಿಯ ಗರಿ ಹಾಗಲ್ಲ, ತೊಯ್ದುಬಿಡುತ್ತದೆ. ತೊಯ್ಯುವುದರಿಂದಲೇ ಅದಕ್ಕೆ ಮುಳುಗಿ ಮೀನು ಹಿಡಿಯುವುದು ಸುಲಭ. ಆಮೇಲೆ ಮೇಲೆ ಬಂದು, ಒಣಗಿದ ಕೊಂಬೆಯ ಮೇಲೆ ಎರಡೂ ರೆಕ್ಕೆ ಹರಡಿ ಬಿಸಿಲಿಗೆ ಕೂರುತ್ತದೆ. ಫೋಟೋದವರಿಗೆ ಅದಕ್ಕಿಂತ ಒಳ್ಳೆಯ ಭಂಗಿ ಸಿಗದು. ಆದರೆ ಕೆಲವರಿಗೆ ಕೂತ ಹಕ್ಕಿ ಸಾಲದು, ಹಾರುವ ಹಕ್ಕಿ ಬೇಕು. ಚಪ್ಪಾಳೆ ತಟ್ಟುತ್ತಾರೆ, ಕಲ್ಲೆಸೆಯುತ್ತಾರೆ. ರೆಕ್ಕೆ ಒದ್ದೆ ಇರುವ ಹಕ್ಕಿ ಕಷ್ಟಪಟ್ಟು ಏಳುತ್ತದೆ. ಚಿತ್ರವೇನೋ ಸಿಗುತ್ತದೆ. ಹಕ್ಕಿಯ ಬಿಸಿಲು, ಹಕ್ಕಿಯ ವಿಶ್ರಾಂತಿ, ಹಕ್ಕಿಯ ಬಲ ಹೋಯಿತು. ಅದನ್ನು ಯಾರು ಕೊಟ್ಟಿದ್ದರು?

ಗೂಡಿನ ವಿಷಯ ಇನ್ನೂ ಸೂಕ್ಷ್ಮ. ತೀರ ಹತ್ತಿರ ಹೋದರೆ ತಾಯಿ ಎದ್ದುಬಿಡುತ್ತದೆ. ಮೊಟ್ಟೆ, ಮರಿಗಳು ಬಿಸಿಲಿಗೆ, ಮಳೆಗೆ ಬೀಳುತ್ತವೆ. ಕಾಗೆ, ಹದ್ದು ಕಾಯುತ್ತಲೇ ಇರುತ್ತವೆ. ನಾವು ಹೊರಟ ಮೇಲೆ ಏನಾಯಿತು ಎಂಬುದು ನಮ್ಮ ಫೋಟೋದಲ್ಲಿ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಮಾತಿಗೆ ಕೊಟ್ಟಿರುವ ಅರ್ಥ ತೆಗೆದು ನೋಡಿ. ಕಾಡುಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಅದರೊಳಗೆ ಸೇರಿದೆ. ‘ಫೋಟೋ ಹೊಡೆ’ ಎಂಬ ನಮ್ಮ ಮಾತು ಕೆಲವು ಸಲ ಅಕ್ಷರಶಃ ನಿಜವಾಗುತ್ತದೆ ಎಂದಾಯಿತು.

ಇತ್ತೀಚೆಗೆ ಇನ್ನೊಂದು ರೂಢಿ ಬಂದಿದೆ. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಹಾಕಿ ಹಕ್ಕಿಯನ್ನು ಹತ್ತಿರ ಕರೆಸಿಕೊಳ್ಳುವುದು. ಗೂಡು ಕಟ್ಟುವ ಕಾಲದಲ್ಲಿ ಗಂಡು ಹಕ್ಕಿ ತನ್ನ ಜಾಗಕ್ಕೆ ಇನ್ನೊಂದು ಬಂತೆಂದು ತಿಳಿದು ಮರಿಗೆ ಆಹಾರ ತರುವುದನ್ನು ಬಿಟ್ಟು ಜಗಳಕ್ಕೆ ಬರುತ್ತದೆ. ಇದು ಎರಡನೆಯ ಶೀಲವನ್ನೂ ದಾಟಿ ನಾಲ್ಕನೆಯದಕ್ಕೆ ಹೋಯಿತು. ಮಾತು ಬಾರದ ಜೀವಿಗೆ ಅದರದೇ ಭಾಷೆಯಲ್ಲಿ ಹೇಳಿದ ಸುಳ್ಳು ಅದು.

ಬಾಣ ತಗುಲಿ ಬಿದ್ದ ಹಂಸದ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ದೇವದತ್ತ “ನಾನು ಹೊಡೆದೆ, ಹಕ್ಕಿ ನನ್ನದು” ಅಂದ. ಸಿದ್ಧಾರ್ಥ “ಉಳಿಸಿದವನದು” ಅಂದ. ದೇವದತ್ತನ ವಾದ ನಮ್ಮ ಕಾಲದಲ್ಲಿ ಸತ್ತಿಲ್ಲ. “ನನ್ನ ಫೋಟೋ, ನನ್ನ ಹಕ್ಕಿ, ನನಗೆ ಇಷ್ಟು ಲೈಕ್” ಎಂಬಲ್ಲಿ ಅದು ಸುಖವಾಗಿ ಬದುಕಿದೆ. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಕರುಣೆಗೂ ಮೈತ್ರಿಗೂ ಇರುವ ವ್ಯತ್ಯಾಸ ತೋರಿಸಿದ್ದಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಅಲ್ಲಿಗೇ ನಿಲ್ಲದೆ ಎಲ್ಲ ಜೀವಿಗಳವರೆಗೂ ಹೋಗುವಂಥದ್ದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೋಧಿಸಿದ 22 ಪ್ರತಿಜ್ಞೆಗಳನ್ನು ಮತ್ತೆ ಓದಿ. ಜೀವಿಗಳ ಮೇಲೆ ದಯೆಯಿಟ್ಟು ಕಾಪಾಡುವ ಮಾತು 13ನೆಯದು, ಕದಿಯುವುದಿಲ್ಲ ಎಂಬುದು 14ನೆಯದು. ಅಕ್ಕಪಕ್ಕದಲ್ಲೇ ಇವೆ.

*ಕೆರೆಯನ್ನು ನಾವು ಬರೀ ನೋಟವಾಗಿ ನೋಡಲಾರೆವು*

ಬೇರೆಯವರಿಗೆ ಕೆರೆ ಎಂದರೆ ರಜೆಯ ಜಾಗ. ನಮಗೆ ಹಾಗಷ್ಟೇ ಆಗಲು ಸಾಧ್ಯವಿಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಗೆ ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಬೊಗಸೆ ನೀರು ಕುಡಿದರು. ಬೇರೆ ಧರ್ಮದವರು ಕುಡಿಯುತ್ತಿದ್ದ, ದನಕರು, ಹಕ್ಕಿಗಳು ಕುಡಿಯುತ್ತಿದ್ದ ನೀರು ಅದು. ಅವರು ಹೋದ ಮೇಲೆ ಕೆರೆಯನ್ನು ‘ಶುದ್ಧಿ’ ಮಾಡಿದರು. ಆ ನೀರಿನ ಹಕ್ಕು ನ್ಯಾಯಾಲಯದಲ್ಲಿ ಕೊನೆಗೆ ತೀರ್ಮಾನವಾದದ್ದು 1937ರಲ್ಲಿ. ಹತ್ತು ವರ್ಷ! ಇತ್ತ ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ತೂಬು ಎತ್ತಿ ಗದ್ದೆ ಗದ್ದೆಗೆ ನೀರು ಹಂಚುವ ನೀರಗಂಟಿಗಳು ನಮ್ಮವರೇ ಆಗಿದ್ದರು. ನೀರು ಬಿಡುವ ಕೈ ಬೇಕಿತ್ತು, ನೀರು ಮುಟ್ಟುವ ಕೈ ಬೇಡವಾಗಿತ್ತು.

ಆದ್ದರಿಂದ ನಮ್ಮ ಮಕ್ಕಳು ಇಂದು ಕೆರೆ ದಂಡೆಯಲ್ಲಿ ಕಾಲು ಚಾಚಿ ಕೂತು ಹಕ್ಕಿ ನೋಡುವುದನ್ನು ಶೋಕಿ ಎಂದು ಯಾರೂ ಹೀಗಳೆಯಬೇಡಿ. ಬಿಡುವು ಕೂಡ ನಮ್ಮ ಹಿರಿಯರಿಗೆ ಸಿಗದ ಆಸ್ತಿ. ಆದರೆ ಹೋರಾಡಿ ಬಂದ ದಂಡೆಯ ಮೇಲೆ ಕೂತು, ನಮ್ಮನ್ನು ನೋಡುತ್ತಿದ್ದವರ ಕಣ್ಣಿನಿಂದಲೇ ನಾವು ಇತರರನ್ನು ನೋಡತೊಡಗಿದರೆ ಹೋರಾಟ ಅರ್ಧಕ್ಕೆ ನಿಂತ ಹಾಗೆ.

ಆ ಕಣ್ಣು ಎಂಥದ್ದು ಎಂದು ಸೊರಬದವರಿಗೆ ನಾನು ಹೇಳಬೇಕಾಗಿಲ್ಲ. ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ನೆನೆಯಿರಿ. ವರದೆಯಲ್ಲಿ ಮಿಂದು ಬೆಟ್ಟ ಹತ್ತುತ್ತಿದ್ದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಬಡವರು, ಕೆಳಗೆ ತಳ್ಳಲ್ಪಟ್ಟ ಜಾತಿಗಳವರು. ಭಕ್ತಿಗೆ ಬಂದವರ ಜೊತೆ ಬರೀ ನೋಡಲು ಬಂದವರೂ, ಕ್ಯಾಮೆರಾ ತಂದವರೂ ಇದ್ದರು. ದಲಿತ ಸಂಘರ್ಷ ಸಮಿತಿಯವರು ಇದನ್ನು ವಿರೋಧಿಸಿದರು. 1986ರ ಮಾರ್ಚ್‌ನಲ್ಲಿ ಅಲ್ಲಿ ಅವರ ಮೇಲೆ, ಪೊಲೀಸರ ಮೇಲೆ, ಪತ್ರಕರ್ತರ ಮೇಲೆ ಹಲ್ಲೆ ನಡೆಯಿತು. ಆಮೇಲೆ ಸರ್ಕಾರ ಆ ಪದ್ಧತಿಯನ್ನು ನಿಷೇಧಿಸಿತು. ಹೆಣ್ಣಿನ ಮೈಯನ್ನು ‘ಸಿಕ್ಕಿತು’ ಎಂದು ತೆಗೆದುಕೊಂಡ ಚಿತ್ರಗಳಿಗಿಂತ ದೊಡ್ಡ ಅದಿನ್ನಾದಾನ ಯಾವುದಿದೆ?

ಹಾಗಾದರೆ ಕೆರೆಯಲ್ಲಿ ಬಟ್ಟೆ ಒಗೆಯುತ್ತಿರುವ ಅಕ್ಕ, ಎದೆಮಟ್ಟ ನೀರಿನಲ್ಲಿ ಬಲೆ ಬೀಸುತ್ತಿರುವ ಅಣ್ಣ, ಎಮ್ಮೆ ಮೈ ತೊಳೆಯುತ್ತಿರುವ ಹುಡುಗ, ಇವರೆಲ್ಲ ‘ಪ್ರಕೃತಿ’ಯ ಭಾಗವೆಂದು ಕೇಳದೆ ಕ್ಲಿಕ್ಕಿಸಬೇಡಿ. ಹಾಗೆಯೇ “ಅವರು ಅಡ್ಡ ಬಂದರು, ಫೋಟೋ ಹಾಳಾಯಿತು” ಎಂದು ಅವರನ್ನು ಕತ್ತರಿಸಿ ಹಾಕಲೂ ಬೇಡಿ. ಕೆರೆ ತಾನಾಗಿ ಹುಟ್ಟಿದ್ದಲ್ಲ. ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನ ಕದಂಬ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯನ್ನು ಹೇಳುತ್ತದೆ. ರಾಜನ ಹೆಸರಿದೆ, ಶಾಸನ ಬರೆದ ಕವಿ ಕುಬ್ಜನ ಹೆಸರೂ ಇದೆ. ಮಣ್ಣು ಹೊತ್ತವರ ಹೆಸರಿಲ್ಲ. ಪಕ್ಕದ ಬಳ್ಳಿಗಾವಿಯಲ್ಲಿ 1065ರಲ್ಲಿ ರೂಪಭಟ್ಟಯ್ಯ ಎಂಬ ಅಧಿಕಾರಿ ಬೌದ್ಧ ವಿಹಾರ ಕಟ್ಟಿಸಿದನೆಂದು ಶಾಸನವಿದೆ. ಇಂದು ಬಳ್ಳಿಗಾವಿಯ ಫೋಟೋ ಹಾಕುವ ಎಷ್ಟು ಜನರಿಗೆ ಅಲ್ಲೊಂದು ಬುದ್ಧ ವಿಹಾರವಿತ್ತೆಂದು ಗೊತ್ತು? ಚೌಕಟ್ಟಿನಿಂದ ಹೊರಗೆ ಬಿದ್ದವರು ಏನಾಗುತ್ತಾರೆಂದು ನಮಗಿಂತ ಚೆನ್ನಾಗಿ ಬಲ್ಲವರಿಲ್ಲ. ನಮ್ಮ ಕೈಯಲ್ಲಿ ಚೌಕಟ್ಟು ಇರುವಾಗ ಅದನ್ನು ಮರೆಯಬಾರದು.

*ಕೊಟ್ಟ ಚಿತ್ರ ಹೇಗಿರುತ್ತದೆ*

ಈ ರಜೆಯಲ್ಲಿ ನಾವೂ ಒಂದು ಕೆರೆ ದಂಡೆಯ ಮನೆಯಲ್ಲಿ ಎರಡು ದಿನ ಇದ್ದೆವು. ನಮ್ಮ ಅತ್ತೆಯವರೂ ಬಂದಿದ್ದರು. ಎಪ್ಪತ್ತು ದಾಟಿದವರು. ಚಿಕ್ಕವರಿದ್ದಾಗ ಬಿಂದಿಗೆಯನ್ನು ದೂರ ಇಟ್ಟು, ಯಾರಾದರೂ ಮೇಲಿನಿಂದ ನೀರು ಹೊಯ್ಯಲೆಂದು ಕಾದು ನಿಂತವರು. ಬೆಳಿಗ್ಗೆ ಏಳು ಗಂಟೆಗೆ ಅವರು ಮೆಟ್ಟಿಲಿಳಿದು ಪಾದ ಮುಳುಗುವಷ್ಟು ನೀರಿನಲ್ಲಿ ಸುಮ್ಮನೆ ನಿಂತರು. ಹಿಂದೆ ಬೆಳ್ಳಕ್ಕಿ ಸಾಲು, ನೀರಿನ ಮೇಲೆ ಮಂಜು. ನನ್ನ ಮಗ ಮೊಬೈಲ್ ಎತ್ತಿದ, ಮತ್ತೆ ಇಳಿಸಿದ. “ಅಜ್ಜಿ, ಒಂದು ಫೋಟೋ ತೆಗೀಲಾ?” ಅಂತ ಕೂಗಿದ.

ಅವರು ತಿರುಗಿ ನೋಡಿದರು. “ತಡಿಯಪ್ಪ, ಸೆರಗು ಸರಿ ಮಾಡ್ಕತೀನಿ” ಅಂದರು. ಸೆರಗು ಹೊದ್ದರು, ಕೂದಲು ಸವರಿಕೊಂಡರು, ಬಗ್ಗಿ ಒಂದು ಬೊಗಸೆ ನೀರು ಎತ್ತಿಕೊಂಡರು. “ಈಗ ತೆಗಿ. ಈ ನೀರೂ ಕಾಣಬೇಕು” ಅಂದರು.

ಅಷ್ಟರಲ್ಲಿ ಬೆಳ್ಳಕ್ಕಿಗಳು ಎದ್ದು ಹೋಗಿದ್ದವು, ಮಂಜೂ ಕರಗಿತ್ತು. ಹುಡುಗ ಕೇಳದೆ ಕ್ಲಿಕ್ಕಿಸಿದ್ದರೆ ಎರಡೂ ಸಿಗುತ್ತಿದ್ದವು. ಆ ಬೊಗಸೆ ಸಿಗುತ್ತಿರಲಿಲ್ಲ. ಅದು ಅವರು ತಾವಾಗಿ ಕೊಟ್ಟದ್ದು. ಮನುಷ್ಯರಿಗೆ ಹೀಗೆ ಕೊಡಲು ಒಂದು ನಿಮಿಷ ಬೇಕು. ಹಕ್ಕಿಗೆ ಅರ್ಧ ಗಂಟೆ ಬೇಕಾಗಬಹುದು. ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಚಿತ್ರಗಳನ್ನು ‘ಹಕ್ಕಿ ಪುಕ್ಕ’ದಲ್ಲಿ ನೋಡಿದರೆ, ಕಾಯುವವರ ಕಣ್ಣು ಹೇಗಿರುತ್ತದೆಂದು ತಿಳಿಯುತ್ತದೆ. ಅಲುಗದೆ ಕೂತು, ಉಸಿರು ಗಮನಿಸುತ್ತಾ ಕಾದರೆ ಸ್ವಲ್ಪ ಹೊತ್ತಿಗೆ ಮಿಂಚುಳ್ಳಿ ತಾನಾಗಿ ಎದುರಿನ ಕಡ್ಡಿಯ ಮೇಲೆ ಬಂದು ಕೂರುತ್ತದೆ. ಸಮ್ಯಕ್ ಸ್ಮೃತಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನಾನು ಕಂಡಿಲ್ಲ. ಬರದೇ ಹೋದ ದಿನವೂ ಕೂತದ್ದು ವ್ಯರ್ಥವಲ್ಲ, ಧ್ಯಾನವಾಯಿತು.

*ಇಂದಿನ ಅಭ್ಯಾಸ*

🌸 ಹಕ್ಕಿ ತಿನ್ನುವುದನ್ನು ನಿಲ್ಲಿಸಿ ಕತ್ತೆತ್ತಿ ನಿಮ್ಮನ್ನೇ ನೋಡಿದರೆ ಹತ್ತಿರ ಬಂದದ್ದು ಜಾಸ್ತಿಯಾಯಿತು. ಎರಡು ಹೆಜ್ಜೆ ಹಿಂದೆ ಸರಿಯಿರಿ.

🌸 ಗೂಡು, ಮೊಟ್ಟೆ, ಮರಿಗಳ ಹತ್ತಿರ ಹೋಗಬೇಡಿ. ಫ್ಲ್ಯಾಷ್ ಬೇಡ, ಕಲ್ಲು ಬೇಡ, ಮೊಬೈಲಿನ ಕೂಗು ಬೇಡ.

🌸 ಮನುಷ್ಯರಿದ್ದರೆ ಮೊದಲು ಮಾತಾಡಿಸಿ, ಕೇಳಿ. “ಬೇಡ” ಅಂದರೆ ನಮಸ್ಕಾರ ಹೇಳಿ ಮುಂದೆ ಹೋಗಿ. ತೆಗೆದರೆ ಅವರಿಗೂ ತೋರಿಸಿ.

🌸 ಮೊದಲ ಹತ್ತು ನಿಮಿಷ ಮೊಬೈಲ್ ಚೀಲದಲ್ಲೇ ಇರಲಿ. ಮಕ್ಕಳಿಗೂ ಇದನ್ನು ಆಟದ ಹಾಗೆ ಕಲಿಸಿ.

🌸 ಇಂದು ಸಂಜೆ ನಿಮ್ಮ ಮೊಬೈಲಿನಲ್ಲಿರುವ ಐದು ಫೋಟೋ ತೆಗೆದು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ಬಂದದ್ದೋ, ತೆಗೆದದ್ದೋ?

ತಮ್ಮ, ನಿನ್ನ ಪ್ರಶ್ನೆಗೆ ಇದು ನನ್ನ ಉತ್ತರ. ಇನ್ನಷ್ಟು ಫೋಟೋ ಕಳಿಸು. ಮುಂದಿನ ಹುಣ್ಣಿಮೆಯ ವಂದನೆಗೆ ಬರುವಾಗ ಎಲ್ಲರೂ ಒಂದೊಂದು ‘ಬಂದ’ ಚಿತ್ರ ತನ್ನಿ, ಅದು ಹೇಗೆ ಬಂತೆಂದು ಹೇಳಿ.

ನೀರಿನವು, ನೆಲದವು, ಆಕಾಶದವು, ಎಲ್ಲ ಜೀವಿಗಳೂ ಸುಖವಾಗಿರಲಿ.

🙏 ನಮೋ ಬುದ್ಧಾಯ 🙏 ಜೈ ಭೀಮ್ 🙏