ಉದ್ದೇಶವಿಲ್ಲದ ಹಿಂಸೆ

ಕೊಲ್ಲುವ ಉದ್ದೇಶವೇ ಇಲ್ಲದವನಿಗೆ ಸಾವಿನ ಹೊಣೆ ಉಂಟೇ? ಯುರೋಪಿನ ಕಾಡುಗಳ ಕಪ್ಪು-ಬಿಳುಪು ನೊಣಹಿಡುಕ ಹಕ್ಕಿಯ ಬಾಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಕೇವಲ 12-13 ಗ್ರಾಂ ತೂಗುವ ಈ ಹಕ್ಕಿ ಚಳಿಗಾಲವನ್ನು ಪಶ್ಚಿಮ ಆಫ್ರಿಕದಲ್ಲಿ ಕಳೆದು, ಸಹರಾ ಮರುಭೂಮಿಯನ್ನು ದಾಟಿ, ವಸಂತದಲ್ಲಿ ಮರಳಿ ಬಂದು ಮರದ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ಹೊರಡುವ ಕಾಲವನ್ನು ಅದಕ್ಕೆ ಹೆಚ್ಚಾಗಿ ತಿಳಿಸುವುದು ಹಗಲಿನ ಉದ್ದ. ದೂರದ ಯುರೋಪಿನ ಹವೆಯನ್ನು ಅದು ಅರಿಯದು. ಮರಿಗಳ ಆಹಾರವಾದ ಎಲೆಹುಳುಗಳಾದರೋ, ಬೆಚ್ಚಗಾದ ವಸಂತದಲ್ಲಿ ಮೊದಲೇ ಹುಟ್ಟಿ ಮೊದಲೇ ಮುಗಿದುಹೋಗುತ್ತವೆ. ನೆದರ್ಲೆಂಡ್ಸಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಂತೆ, ಹುಳುಗಳ ಸುಗ್ಗಿ ಅತಿ ಬೇಗ ಬರುವ ಕಾಡುಗಳಲ್ಲಿ ಈ ಹಕ್ಕಿಗಳ ಸಂಖ್ಯೆ ಎರಡು ದಶಕಗಳೊಳಗೆ ಸುಮಾರು ಶೇಕಡ 90ರಷ್ಟು ಕುಸಿದಿತ್ತು.

ಹಕ್ಕಿ ತನ್ನ ನಿಯಮವನ್ನು ಮೀರಲಿಲ್ಲ. ಋತುವನ್ನು ಬದಲಿಸಿದವನು ಕಲ್ಲಿದ್ದಲು, ಎಣ್ಣೆಗಳನ್ನು ಮಿತಿಯಿಲ್ಲದೆ ಸುಟ್ಟ ಮನುಷ್ಯ. ಅವನು ಬಲೆ ಬೀಸಲಿಲ್ಲ, ಕಲ್ಲೆಸೆಯಲಿಲ್ಲ. ಆ ಹಕ್ಕಿಯನ್ನು ಕಂಡವನೂ ಅಲ್ಲ. ಆದುದರಿಂದ ಅವನು ನಿರ್ದೋಷಿಯೇ? ಅರಿಯದೆ ಮಾಡಿದುದು ಪ್ರಮಾದವೆನಿಸಬಹುದು. ಅರಿತ ಮೇಲೂ ಅದೇ ದಾರಿಯಲ್ಲಿ ನಡೆದರೆ, ಉದ್ದೇಶವಿರಲಿಲ್ಲವೆಂಬ ಮಾತು ಅವನನ್ನು ಕಾಯದು. ಹಕ್ಕಿ ಹುಳುವನ್ನು ತಿನ್ನುವುದು ಬೇರೆ ದಾರಿಯಿಲ್ಲದೆ. ಮನುಷ್ಯನಿಗೆ ಬಯಕೆಯನ್ನು ಮಿತಗೊಳಿಸುವ ದಾರಿಯುಂಟು. ಅದು ಇರುವುದರಿಂದಲೇ ಹೊಣೆಯೂ ಅವನದು.